ಗಾಳಿಗೆ ನಾನೂರು

ಫೆಬ್ರವರಿ 3, ಸೋಮವಾರ

ಗಾಳಿಗೆ ಬೆಲೆ ಕಟ್ಟು ಎಂದು ಇವತ್ತು ನನ್ನನ್ನು ಕೇಳಿದ್ದಾರೆ. ಕೇಳಿದವಳು ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗಳು. ಬಾಯಿ ತೆರೆದರೆ ಅರಳು ಹುರಿದಂತೆ ಪಟಪಟ ಮಾತು, ಅದಕ್ಕೆ ಚಿಕ್ಕಂದಿನಲ್ಲೇ ನಾನು ಅರಳು ಎಂದು ಹೆಸರಿಟ್ಟೆ. ಈಗ ನನ್ನ ಪ್ರಕಾಶನದಲ್ಲೇ ಕೆಲಸಕ್ಕೆ ಸೇರಿ ನನ್ನ ತಲೆಯ ಮೇಲೇ ಹುರಿಯುತ್ತಿದ್ದಾಳೆ.

"ದೊಡ್ಡಮ್ಮಾ, ಹೊಸ ಕಾದಂಬರೀನ ಡಿಜಿಟಲ್‌ನಲ್ಲೂ ತರ್ತೀವಲ್ಲ, ಅದಕ್ಕೆ ಎಷ್ಟು ರೇಟ್ ಹಾಕ್ಲಿ?"

"ಪುಸ್ತಕ ಕೈಗೆ ಕೊಡು, ಹೇಳ್ತೀನಿ" ಎಂದೆ.

ನಾನು ಬೆಲೆ ಕಟ್ಟುವುದೇ ಹಾಗೆ. ಕೆಳಗಿನ ಮನೆಯಲ್ಲಿ ನಮ್ಮ ಯಜಮಾನರ ಪ್ರೆಸ್ಸು, ಮೇಲಿನ ಮನೆಯಲ್ಲಿ ನನ್ನ ಪ್ರಕಾಶನ. ಮುದ್ರಣಕ್ಕೆ ಮೊದಲು ಇವರು ಅಷ್ಟೇ ಪುಟದ, ಅದೇ ಕಾಗದದ ಖಾಲಿ ಪುಸ್ತಕವೊಂದನ್ನು ಹೊಲಿದು ಮೇಲೆ ಕಳಿಸುತ್ತಾರೆ. ನಮ್ಮ ಕಸುಬಿನಲ್ಲಿ ಅದಕ್ಕೆ ಡಮ್ಮಿ ಅನ್ನುತ್ತಾರೆ. ಅದನ್ನು ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ತೂಗಿದರೆ ಬೆಲೆ ತಾನಾಗಿ ಬಾಯಿಗೆ ಬರುತ್ತದೆ. ಒಳಗೆ ಒಂದಕ್ಷರ ಇಲ್ಲದಿದ್ದರೂ ಬರುತ್ತದೆ. ಈ ಕಾದಂಬರಿಯ ಡಮ್ಮಿಯನ್ನು ಹೋದ ವಾರ ತೂಗಿದೆ. ಮುನ್ನೂರು ಅಂದಿತು.

ಅರಳು ತನ್ನ ಫೋನನ್ನು ನನ್ನ ಅಂಗೈ ಮೇಲಿಟ್ಟಳು. ಕಣ್ಣು ಮುಚ್ಚಿ ತೂಗಿದೆ.

"ಇನ್ನೂರು."

"ಅದು ಫೋನಿನ ತೂಕ ದೊಡ್ಡಮ್ಮಾ! ಪುಸ್ತಕಕ್ಕೆ ತೂಕಾನೇ ಇಲ್ಲ. ನಮ್ಮ ಅಷ್ಟೂ ಪುಸ್ತಕ ತುಂಬಿದ್ರೂ ಇದು ಇಷ್ಟೇ ತೂಗೋದು."

"ತೂಕ ಇಲ್ಲದ ಮೇಲೆ ಬೆಲೆ ಎಲ್ಲಿಂದ ಬರುತ್ತೆ, ನಿಮ್ಮಪ್ಪನ ಮನೆಯಿಂದಾನಾ?"

"ಸುಮ್ನೆ ನೂರು ಹಾಕೋಣ."

ಅಷ್ಟರಲ್ಲಿ ಕೆಳಗೆ ಮೆಷಿನ್ ಶುರುವಾಯಿತು. ಅದು ಓಡುವಾಗ ನನ್ನ ಮೇಜು ನಡುಗುತ್ತದೆ, ಗೋಡೆಯ ಚಿತ್ರ ಓರೆಯಾಗುತ್ತದೆ, ಟೀ ತಟ್ಟೆಗೆ ಇಳಿಯುತ್ತದೆ. ಮದುವೆಯಾದಂದಿನಿಂದ ನಾನು ಅರ್ಧ ಟೀಯನ್ನು ತಟ್ಟೆಯಿಂದಲೇ ಕುಡಿದಿದ್ದೇನೆ. ಇವರು ಬಾಯಿ ಬಿಡುವವರಲ್ಲ, ಅವರ ಪಾಲಿನ ಗಲಾಟೆಯನ್ನೂ ಮೆಷಿನ್ನೇ ಮಾಡುತ್ತದೆ. ಸಾಕಾಗಿ ಹೋಗಿದೆ ನನಗೆ.

ಫೆಬ್ರವರಿ 5, ಬುಧವಾರ

ಮೆಟ್ಟಿಲಿಳಿಯುವಾಗ ನೋಡುತ್ತೇನೆ, ಪ್ರೆಸ್ಸಿನ ಬಾಗಿಲಿಗೆ ಯಾರೋ ಟೇಪು ಹಿಡಿದು ಅಳೆಯುತ್ತಿದ್ದಾನೆ. ಗುಂಡಗಿನ ಮನುಷ್ಯ, ಜೇಬಿನಲ್ಲಿ ನಾಲ್ಕು ಪೆನ್ನು.

"ಯಾರು ಬೇಕಾಗಿತ್ತು?" ಎಂದೆ.

"ಯಾರೂ ಬೇಡಮ್ಮಾ, ಬಾಗಿಲು ಎಷ್ಟು ಅಗಲ ಅಂತ ಬೇಕಾಗಿತ್ತು" ಎಂದ.

ಊಟದ ಮೇಜಿನಲ್ಲಿ ಕಸುಬಿನ ಮಾತು ಆಡಬಾರದೆಂದು ಮದುವೆಯಾದ ಹೊಸದರಲ್ಲಿ ನಾನೇ ನಿಯಮ ಮಾಡಿದ್ದೆ. ಮುರಿಯುವ ಹಾಗಿಲ್ಲ. ಅದಕ್ಕೆ ಸುತ್ತಿ ಬಳಸಿ ಕೇಳಿದೆ.

"ರೀ, ನಮ್ಮ ಬಾಗಿಲಿಗೆ ಅಂಗಿ ಹೊಲಿಸ್ತಿದೀರಾ?"

"ಹ್ಞೂಂ?"

"ಅಳತೆ ತಗೋತಿದ್ದ ಯಾರೋ."

"ಓ, ಅವನಾ. ರಟ್ಟಿನ ಡಬ್ಬಿ ಮಾಡ್ತಾನೆ. ಚಪ್ಪಲಿ ಡಬ್ಬಿ ಮೇಲೆ ಮುದ್ರಿಸೋಕೆ ಒಂದು ಮೆಷಿನ್ ಬೇಕಂತೆ ಅವನಿಗೆ." ಸ್ವಲ್ಪ ಹೊತ್ತು ಅಗಿದರು. "ನೋಡೋಣ, ಈ ಕಾದಂಬರಿ ಹೇಗೆ ಹೋಗುತ್ತೋ."

ಅಷ್ಟೇ. ಎಡಗೈಯಲ್ಲಿ ಲೋಟ ಎತ್ತಿ ನೀರು ಕುಡಿದು ಎದ್ದು ಹೋದರು. ಎಡಗೈಯಲ್ಲಿ ಲೋಟ ಹಿಡಿಯುವುದು ಈಚಿನ ಹೊಸ ಶೋಕಿ.

ಮೆಷಿನ್ ಹೋದರೆ ಹೋಗಲಿ, ಪೀಡೆ. ನನ್ನ ಟೀ ಲೋಟದಲ್ಲೇ ಉಳಿಯುತ್ತದೆ. ಎದುರು ಸಾಲಿನ ಗಡಿಯಾರ ರಿಪೇರಿಯವನು ಅಂಗಡಿ ಮುಚ್ಚಿ ಮನೆಯಲ್ಲಿ ಕೂತ. ಕೂತವನು ಆ ವರ್ಷ ದಾಟಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ, ಬರೆಯುತ್ತಾ ಕೂತಾಗ ನೆನಪಾಯಿತು.

ಅರಳಿಗೆ ಹೇಳಿಬಿಟ್ಟೆ, ಡಿಜಿಟಲ್ಲಿಗೂ ಮುನ್ನೂರೇ. ಗಾಳಿಯನ್ನು ಅಗ್ಗಕ್ಕೆ ಕೊಟ್ಟರೆ ಕಾಗದದ ಪುಸ್ತಕ ಯಾರು ಕೊಳ್ಳುತ್ತಾರೆ? ಇದು ಶುದ್ಧ ವ್ಯಾಪಾರದ ಮಾತು.

ಫೆಬ್ರವರಿ 8, ಶನಿವಾರ

ಅರಳು ಬಿಡುತ್ತಿಲ್ಲ. ಕಾಗದ ಇಲ್ಲ, ಶಾಯಿ ಇಲ್ಲ, ಅಂಟು ಇಲ್ಲ, ಮುನ್ನೂರು ಯಾವ ಲೆಕ್ಕದಲ್ಲಿ ಎಂದು ಬೆಳಗಿನಿಂದ ಒಂದೇ ಸಮ. ಸರಿ, ಲೆಕ್ಕದಲ್ಲೇ ತೋರಿಸುತ್ತೇನೆ ಎಂದು ಪ್ರತಿ ಪುಸ್ತಕಕ್ಕೂ ನಾವು ಖರ್ಚು ಬರೆಯುವ ಹಾಳೆಯನ್ನು ತೆಗೆದೆ.

"ಕಾಗದ ಅನ್ನೋ ಕಡೆ ಸೊನ್ನೆ ಹಾಕಿ."

"ಪೂರ್ತಿ ಸೊನ್ನೆ ಹಾಕಿದ್ರೆ ಚೆನ್ನಾಗಿರಲ್ಲ. ಸ್ವಲ್ಪ ಹಾಕ್ತೀನಿ."

"ಗಾಡಿ ಬಾಡಿಗೆ?"

"ನಿನ್ನ ಇಂಟರ್ನೆಟ್ಟು ಬಿಟ್ಟಿ ಬರುತ್ತಾ?"

"ಮೂಲೆ ಮಡಚಿ ಹಾಳಾಗೋ ಪ್ರತಿಗೆ ನೂರಕ್ಕೆ ಐದು ಅಂತಿದೆಯಲ್ಲ ದೊಡ್ಡಮ್ಮಾ!"

"ಫೋನು ಕೈಯಿಂದ ಬಿದ್ದು ಒಡೆಯಲ್ವಾ?"

"ಕಟ್ಟು ಕಟ್ಟೋ ಹುರಿ?"

ಹುರಿಗೆ ಉತ್ತರ ಹೊಳೆಯಲಿಲ್ಲ. ಆದರೂ ಬರೆದೆ. ಹುರಿ ಇಲ್ಲದೆ ಈ ಮನೆಯಿಂದ ಒಂದು ಪುಸ್ತಕವೂ ಹೊರಗೆ ಹೋದದ್ದಿಲ್ಲ. ಅದರ ಮೇಲೆ ಅರಳಿನ ಸಂಬಳ, ಅವಳು ಮಾಡಿಸಿರುವ ಅಂತರ್ಜಾಲದ ಅಂಗಡಿಯ ಖರ್ಚು, ಎಲ್ಲ ಕೂಡಿಸಿದರೆ ಮುನ್ನೂರ ನಲವತ್ತು ಬಂತು. ಕಾಗದದ ಪುಸ್ತಕಕ್ಕಿಂತ ಡಿಜಿಟಲ್ಲೇ ತುಟ್ಟಿ. "ನೋಡಿದ್ಯಾ? ಲೆಕ್ಕ ಯಾವತ್ತೂ ಸುಳ್ಳು ಹೇಳಲ್ಲ" ಎಂದೆ. ಅರಳು ಮೇಜಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು.

ಯೋಚಿಸಿದರೆ ಸರಿಯಾಗಿಯೇ ಇದೆ. ಹೊಸ ವಸ್ತು ಎಂದ ಮೇಲೆ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು.

ಫೆಬ್ರವರಿ 14, ಶುಕ್ರವಾರ

ದವಡೆ ಹಲ್ಲು ಕೈಕೊಟ್ಟಿತು. ದವಡೆ ಹಲ್ಲಿಗೂ ನನ್ನ ಪ್ರಕಾಶನಕ್ಕೂ ಡಾಕ್ಟರು ಒಬ್ಬರೇ. ಹಗಲು ಹಲ್ಲು ಕೀಳುತ್ತಾರೆ, ಸಂಜೆ ಕಾದಂಬರಿಯಲ್ಲಿ ಕೊಲೆ ಮಾಡುತ್ತಾರೆ. ಅವರ ಒಂಬತ್ತು ಪತ್ತೇದಾರಿ ಕಾದಂಬರಿಗಳೇ ನಮ್ಮ ಹೊಟ್ಟೆ ಹೊರೆದಿವೆ, ಇದು ಹತ್ತನೆಯದು. ಕುರ್ಚಿಯಲ್ಲಿ ಮಲಗಿಸಿ, ಬಾಯಿಗೆ ಹತ್ತಿ ತುರುಕಿ, ದೀಪ ಹತ್ತಿರಕ್ಕೆ ಎಳೆದುಕೊಂಡ ಮೇಲೆ ವ್ಯವಹಾರ ತೆಗೆದರು.

"ಅಗಲವಾಗಿ ತೆರೀರಿ. ಅಲ್ಲಾ ಮೇಡಂ, ನನ್ನ ಕಾದಂಬರೀನ ನೂರಕ್ಕೆ ಕೊಡೋಣ ಅಂತ ಮಾತಾಡ್ತಿದೀರಂತೆ? ಅರಳು ಹೇಳಿದ್ಳು."

"ಆ... ಆ..."

"ಒಂದು ಹಲ್ಲು ತೊಳೆದ್ರೆ ನಾನು ಅದರ ಆರರಷ್ಟು ತಗೋತೀನಿ. ಮೂರು ವರ್ಷ ಕೂತು ಬರೆದಿದ್ದು ಅರ್ಧ ಹಲ್ಲಿಗೂ ಸಮ ಇಲ್ವಾ?"

"ಆ ಆ ಆ!"

"ನೋಡಿ, ನಿಮಗೂ ಹೊಟ್ಟೆ ಉರಿಯುತ್ತೆ. ನಾನೂರು ಇರಲಿ. ಒಪ್ಪಿಗೇನಾ?"

ಅದೇ ಹೊತ್ತಿಗೆ ಯಂತ್ರದ ತುದಿ ನರಕ್ಕೆ ತಾಗಿತು. "ಆಆ!" ಎಂದು ಕಿರುಚಿದೆ.

"ನಿಮ್ಮಂಥ ಪ್ರಕಾಶಕರು ಸಿಗೋಕೆ ಪುಣ್ಯ ಮಾಡಿರಬೇಕು" ಎಂದರು ಡಾಕ್ಟರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂದಿತ್ತು.

ಸೊಟ್ಟ ಬಾಯಲ್ಲೇ ಮನೆಗೆ ಬಂದು ಅರಳಿಗೆ ನಾನೂರು ಎಂದು ಹೇಳಿದೆ. ಅವಳು ಮೂರು ಸಲ ಹೇಳಿಸಿದಳು. ಲೇಖಕರ ಮಾತು ಮೀರಲಾಗುತ್ತದೆಯೇ? ಇದರಲ್ಲಿ ನನಗೇನೂ ಸಂತೋಷವಿಲ್ಲ. ಬರುವ ದಾರಿಯಲ್ಲಿ ಇವರಿಗೆ ಇಷ್ಟವಾದ ಉಪ್ಪು ಬಿಸ್ಕತ್ತು ತಂದೆ, ಅಂಗಡಿ ತೆರೆದಿತ್ತು ಎಂದು.

ಫೆಬ್ರವರಿ 20, ಗುರುವಾರ

ಇವರಿಂದ ಕೊಟೇಶನ್ ಬಂತು. ನಮ್ಮಲ್ಲಿ ಎಲ್ಲವೂ ಕ್ರಮಪ್ರಕಾರ. ಗಂಡ ಹೆಂಡತಿ ಎಂದು ವ್ಯವಹಾರದಲ್ಲಿ ಸಲಿಗೆ ಇಲ್ಲ. ಕೆಳಗಿನಿಂದ "ಮಾನ್ಯ ಪ್ರಕಾಶಕರಿಗೆ" ಎಂದು ಕಾಗದ ಹತ್ತಿ ಬರುತ್ತದೆ, ನಾನು ಸಹಿ ಮಾಡಿ "ಮಾನ್ಯ ಮುದ್ರಕರಿಗೆ" ಎಂದು ಇಳಿಸುತ್ತೇನೆ. ಆಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ.

ಐನೂರು ಪ್ರತಿಗೆ ಹೋದ ಸಲಕ್ಕಿಂತ ಕಡಿಮೆ ಬರೆದಿದ್ದಾರೆ. ಕಾಗದ ತುಟ್ಟಿಯಾಗಿದೆ, ಶಾಯಿ ತುಟ್ಟಿಯಾಗಿದೆ, ಇವರೊಬ್ಬರೇ ಅಗ್ಗವಾಗುತ್ತಿದ್ದಾರೆ. ಲೆಕ್ಕ ತಪ್ಪಿದ್ದರೆ ಅವರ ಕರ್ಮ ಎಂದು ಸಹಿ ಹಾಕಿದೆ.

ಅರಳನ್ನು ನಂಬುವ ಹಾಗಿಲ್ಲ, ಸಂದು ಸಿಕ್ಕರೆ ನೂರು ಹಾಕಿಬಿಡುತ್ತಾಳೆ. ಅಂತರ್ಜಾಲದ ಅಂಗಡಿಯಲ್ಲಿ ತುಂಬುವುದನ್ನೆಲ್ಲ ನಾನೇ ತುಂಬಿದೆ. ಹೆಸರು, ಲೇಖಕರು, ಬೆಲೆ ನಾನೂರು. ಎಷ್ಟು ಪ್ರತಿ ಎಂದು ಕೇಳಿತು. ನಮ್ಮಲ್ಲಿ ಯಾವಾಗಲೂ ಐನೂರೇ. ಐನೂರು ಎಂದು ಬರೆದೆ. ಇದೇನು ಬ್ರಹ್ಮವಿದ್ಯೆ ಎಂದು ಈ ಹುಡುಗಿ ಸಂಬಳ ತಗೊಳ್ಳುತ್ತಾಳೋ.

ಮಾರ್ಚ್ 3, ಸೋಮವಾರ

ಪುಸ್ತಕ ಹೊರಬಂದು ವಾರವಾಯಿತು. ಡಿಜಿಟಲ್ ಪ್ರತಿ ಎರಡು ಹೋಗಿದೆ. ಒಂದನ್ನು ಡಾಕ್ಟರೇ ಕೊಂಡರು, ಇನ್ನೊಂದನ್ನು ಅವರ ಹೆಂಡತಿ, ಗಂಡ ಕೊಂಡದ್ದು ಗೊತ್ತಿಲ್ಲದೆ. ಒಬ್ಬ ಓದುಗ ಅಂತರ್ಜಾಲದ ಅಂಗಡಿಯಲ್ಲಿ ಬೆಲೆಯ ಕೆಳಗೇ ಬರೆದಿದ್ದಾನೆ: "ನಾನೂರಕ್ಕೆ ಜೊತೆಗೆ ಫೋನೂ ಕೊಡ್ತೀರಾ?" ಅದಕ್ಕೆ ಅರವತ್ತು ಜನ ನಕ್ಕಿದ್ದಾರಂತೆ. ಅರಳು ತೋರಿಸಿದಳು.

ಕಾಗದದ ಪುಸ್ತಕಕ್ಕೂ ಅಂಗಡಿಯವರು ಉತ್ಸಾಹ ತೋರಿಸುತ್ತಿಲ್ಲ. ಕಟ್ಟುಗಳು ಮೆಟ್ಟಿಲ ಕೆಳಗೆ ಕೂತಿವೆ. ಬೇರೆ ಕೆಲಸವಿಲ್ಲದೆ ಮೆಷಿನ್ ನಿಂತಿದೆ. ಮಧ್ಯಾಹ್ನ ಒಂದು ಗಳಿಗೆ ಮಲಗೋಣವೆಂದರೆ ನಿದ್ದೆ ಬರಲಿಲ್ಲ. ಅಷ್ಟು ಸದ್ದಿಲ್ಲದಿದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ? ಎದ್ದು ಕೆಳಗೆ ಹೋಗಿ, ಇವರು ಇದ್ದಾರಾ ಎಂದು ನೋಡಿ ಬಂದೆ. ಇದ್ದರು. ಎಣ್ಣೆ ಬಟ್ಟೆ ಹಿಡಿದು ಮೆಷಿನ್ ಒರೆಸುತ್ತಿದ್ದರು, ಎಡಗೈಯಲ್ಲಿ.

ಮಾರ್ಚ್ 4, ಮಂಗಳವಾರ

ಡಬ್ಬಿಯವನು ಮತ್ತೆ ಬಂದಿದ್ದ. ಮೆಟ್ಟಿಲ ಮೇಲಿಂದಲೇ ಕೂಗಿದೆ, "ಬಾಗಿಲು ಅಷ್ಟೇ ಅಗಲ ಇದೆ, ಬೆಳೆಯಲ್ಲ ಅದು!" ಪಾಪದವನು ಟೇಪು ಬಿಟ್ಟು ಹೋದ. ಟೇಪನ್ನು ಎತ್ತಿ ನನ್ನ ಡ್ರಾಯರಿಗೆ ಹಾಕಿದೆ. ಅಳೆಯಲಿ ಈಗ.

ಮಾರ್ಚ್ 10, ಸೋಮವಾರ

ಅರಳು ಗೆಳತಿಯ ಊರಿಗೆಂದು ವಾರದ ರಜೆ ಹಾಕಿ ಹೋದಳು. ಹೋಗುವಾಗಲೂ "ಬೆಲೆ ಇಳಿಸಿ ದೊಡ್ಡಮ್ಮಾ, ದಮ್ಮಯ್ಯ ಅಂತೀನಿ" ಎಂದಳು.

ನನಗೆ ಬೇರೆಯೇ ಹೊಳೆಯಿತು. ನಾನೂರು ಮುನ್ನೂರಕ್ಕೆ ತೀರಾ ಹತ್ತಿರ. ಅಷ್ಟೇ ತಾನೇ ಎಂದು ಜನ ಡಿಜಿಟಲ್ ಕಡೆಗೆ ವಾಲಬಹುದು. ವಾಲಿದವರು ಇಬ್ಬರೇ, ಅದೂ ಡಾಕ್ಟರ ಮನೆಯವರು, ಆದರೂ ಎಚ್ಚರಿಕೆ ಒಳ್ಳೆಯದು. ಊಟಕ್ಕೆ ಹೊರಟಿದ್ದವಳು ನಿಂತಲ್ಲೇ ಫೋನ್ ತೆಗೆದು ಬೆಲೆಯನ್ನು ನಾನೂರೈವತ್ತು ಮಾಡಿದೆ. ಕನ್ನಡಕ ಕಚೇರಿಯ ಮೇಜಿನ ಮೇಲೇ ಉಳಿದಿತ್ತು, ಆದರೂ ಮಾಡಿದೆ.

ಮಾರ್ಚ್ 17, ಸೋಮವಾರ

ಬೆಳಗ್ಗೆ ಹತ್ತಕ್ಕೆ ಮೊದಲ ಫೋನು.

"ಮೇಡಂ, ಡಿಜಿಟಲ್ ಪ್ರತಿ ಮುಗಿದುಹೋಗಿದೆ ಅಂತ ತೋರಿಸ್ತಿದೆ. ಮತ್ತೆ ಯಾವಾಗ ಬರುತ್ತೆ?"

ಐನೂರೂ ಮುಗಿದಿದೆ! ನಾನು ಗತ್ತಿನಲ್ಲೇ ಹೇಳಿದೆ, "ಎರಡನೇ ಮುದ್ರಣದವರೆಗೆ ಕಾಯಬೇಕಾಗುತ್ತೆ. ಅಷ್ಟು ಅವಸರ ಇದ್ರೆ ಕಾಗದದ ಪುಸ್ತಕ ಇದೆ, ತಗೊಳ್ಳಿ." ತಗೊಂಡ. ಅವನ ಹಿಂದೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯವರೇ ಕಟ್ಟು ಕಳಿಸಿ ಎಂದು ಫೋನಿನ ಮೇಲೆ ಫೋನು. ಗಾಳಿ ಮುಗಿಯಿತು ಎಂದ ಕೂಡಲೇ ಜನಕ್ಕೆ ಕಾಗದ ನೆನಪಾಗಿದೆ!

ಅರಳು ರಜೆ ಮುಗಿಸಿ ಬಂದು ಕೂತು ನೋಡಿದವಳೇ ಬಾಯಿಗೆ ಕೈ ಹಚ್ಚಿದಳು.

"ದೊಡ್ಡಮ್ಮಾ... ನಲವತ್ತೈದು ಅಂತಿದೆ."

"ಏನು ನಲವತ್ತೈದು? ನೀನು ಹೋದ ಮೇಲೆ ನಾನೂರೈವತ್ತು ಮಾಡಿದ್ದೆ."

"ಬೆಲೆ! ನಾನೂರೈವತ್ತಲ್ಲ, ನಲವತ್ತೈದು! ಒಂದು ಸೊನ್ನೆ ಎಲ್ಲಿ? ಮತ್ತೆ ಪ್ರತಿ ಐನೂರು ಅಂತ ಯಾರು ಹಾಕಿದ್ದು?"

"ನಾನೇ. ಯಾವಾಗಲೂ ಐನೂರೇ ಅಲ್ವಾ?"

"ಡಿ-ಜಿ-ಟ-ಲ್ ದೊಡ್ಡಮ್ಮಾ! ಅದು ಮುಗಿಯಲ್ಲ! ಅಲ್ಲಿ ಖಾಲಿ ಬಿಡಬೇಕಿತ್ತು!"

"ಮುಗಿಯಲ್ಲ ಅಂದ್ರೆ? ಅದೇನು ಅಕ್ಷಯಪಾತ್ರೇನಾ?"

ಹೌದಂತೆ. ಅವಳು ನಗುತ್ತಾ ನಗುತ್ತಾ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಫೋನಿನ ಗುಂಡಿಗಳನ್ನೇ ಬೈದೆ. ಮರ್ಯಾದೆ ಹೋಯಿತೆಂದು ಡಾಕ್ಟರಿಗೆ ಹೇಳಲು ಹೋದರೆ ಅವರು ಕುಣಿಯುತ್ತಿದ್ದಾರೆ. "ನಲವತ್ತೈದೋ ನಾಲ್ಕೋ ಬಿಡಿ ಮೇಡಂ! ಕುರ್ಚಿಯಲ್ಲಿ ಕೂತವರೆಲ್ಲ ಕೊಲೆಗಾರನ ಬಗ್ಗೇನೇ ಮಾತಾಡ್ತಾರೆ. ಮೊದಲು ಬಾಯಿ ತೆರೆಸೋದು ಕಷ್ಟ ಇತ್ತು, ಈಗ ಮುಚ್ಚಿಸೋದು ಕಷ್ಟ!"

ಬೆಲೆ ಏನಾದರೂ ಹಾಳಾಗಲಿ, ಮೆಟ್ಟಿಲ ಕೆಳಗಿನ ಕಟ್ಟು ಖಾಲಿಯಾಯಿತು. ಕೊಟೇಶನ್ನು ಗಿಟೇಶನ್ನು ಇಲ್ಲದೆ ನಾನೇ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಹೋದೆ. "ರೀ, ಇನ್ನೂ ಐನೂರು ಬೇಕು!" ಎಂದೆ.

"ಇನ್ನೂ ಐನೂರಾ?" ಎಂದು ಅವರು ಹಾಗೇ ಕಾಗದದ ಕಟ್ಟಿನ ಮೇಲೆ ಕೂತರು. ಬಲ ಭುಜ ಹಿಡಿದುಕೊಂಡಿದ್ದರು. ಸಂತೋಷಕ್ಕೆ ಕೂತಿರಬೇಕು. ನನಗೂ ಅಷ್ಟೇ ಸಂತೋಷವಾಗಿತ್ತು, ಡ್ರಾಯರಿನಿಂದ ಡಬ್ಬಿಯವನ ಟೇಪು ತೆಗೆದು ಅವನ ಅಂಗಡಿಗೆ ಕಳಿಸಿಕೊಟ್ಟೆ, ಇನ್ನು ಅದರ ಅಗತ್ಯ ಬೀಳುವುದಿಲ್ಲ ಎಂದು ಚೀಟಿ ಬರೆದು.

ಮಾರ್ಚ್ 21, ಶುಕ್ರವಾರ

ಅಕ್ಷರ ಸೊಟ್ಟ ಬಂದರೆ ಬರಲಿ, ಈಗಲೇ ಬರೆದು ಮುಗಿಸುತ್ತೇನೆ.

ಬೆಳಗ್ಗೆ ಕಾಗದದ ವ್ಯಾಪಾರಿ ಬಂದಿದ್ದ. ಎರಡನೇ ಮುದ್ರಣಕ್ಕೆ ಇವರು ಕಳಿಸಿದ ಕೊಟೇಶನ್ ಮೊದಲನೆಯದಕ್ಕಿಂತಲೂ ಕಡಿಮೆ. ನೋಡಿ ನಮ್ಮ ಮನೆಯವರು ಎಷ್ಟಕ್ಕೆ ಮಾಡಿಕೊಡುತ್ತಾರೆ ಎಂದು ಜಂಬ ಕೊಚ್ಚಿಕೊಂಡೆ. ಅವನು ಅಲ್ಲೇ ಬೆರಳು ಮಡಚಿದ.

"ಅಷ್ಟಕ್ಕೆ ನನ್ನ ಕಾಗದವೂ ಬರಲ್ಲಮ್ಮಾ. ಶಾಯಿ, ಕೂಲಿ ಎಲ್ಲ ಯಜಮಾನರ ಕೈಯಿಂದಾನೇ ಹೋಗ್ತಿದೆ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಊಟದ ಮೇಜಿಗೆ ಬರುವವರೆಗೂ ಕಾದೆ. ನಿಯಮ ಗಿಯಮ ಎಲ್ಲ ಹಾಳಾಗಿ ಹೋಗಲಿ ಎಂದು ತಟ್ಟೆ ಅವರ ಮುಂದೆ ಕುಕ್ಕಿದೆ.

"ನನ್ನ ಮೇಲೆ ಕನಿಕರ ತೋರಿಸೋಕೆ ನಾನೇನು ಭಿಕ್ಷೆ ಬೇಡಿದ್ನಾ? ನಷ್ಟಕ್ಕೆ ಮುದ್ರಿಸಿಕೊಡ್ತಿದೀರಲ್ಲ, ಯಾರು ಕೇಳಿದ್ರು ನಿಮ್ಮನ್ನ?"

ಇವರು ತಟ್ಟೆಯನ್ನೇ ನೋಡಿದರು. "ನಿನ್ನ ಪ್ರಕಾಶನ ಉಳೀಲಿ ಅಂತ. ಹೊರಗೆ ಮುದ್ರಿಸೋಕೆ ಹೋದ್ರೆ ಮುಳುಗ್ತೀಯ ಅಂತ ಹೆದರಿಕೆ ಆಯ್ತು."

"ನನ್ನದು ಉಳಿಯೋದು ಇರಲಿ! ನಿಮ್ಮ ಮೆಷಿನ್ ಉಳೀಲಿ ಅಂತ ಗಾಳಿಗೆ ನಾನೂರು ಹಾಕಿ ಊರವರ ಬಾಯಿಗೆ ಬಿದ್ದವಳು ನಾನು!"

ಹೇಳಿಬಿಟ್ಟೆ. ಹೇಳಿದ ಮೇಲೆಯೇ ನನಗೂ ಗೊತ್ತಾಯಿತು. ವ್ಯಾಪಾರದ ಮಾತು ವ್ಯಾಪಾರದ ಮಾತು ಎಂದು ಇಷ್ಟು ದಿನ ಈ ಪುಟಗಳಲ್ಲಿ ಯಾರಿಗೆ ಹೇಳುತ್ತಿದ್ದೆನೋ.

ಇವರು ತಲೆ ಎತ್ತಿದರು. "ಮೆಷಿನ್ ಉಳೀಬೇಕು ಅಂತ ನಿನಗೆ ಹೇಳಿದ್ದು ಯಾರು?"

"ಮತ್ತೆ?"

"ಈ ಭುಜ ನೋಡು, ಮೇಲಕ್ಕೇ ಏಳಲ್ಲ. ಕಾಗದದ ಕಟ್ಟು ಎತ್ತಿ ಎತ್ತಿ ಸತ್ತುಹೋಗಿದೆ. ಮೂರು ವರ್ಷದಿಂದ ಮಾರಿಬಿಡೋಣ ಅಂತ ಇದೀನಿ ಕಣೇ. ನಿನಗೋಸ್ಕರ ಅಂತ ಎಳೀತಿದ್ದೆ. ಮೊನ್ನೆ ಬಂದು ಇನ್ನೂ ಐನೂರು ಅಂದ್ಯಲ್ಲ, ಹೋಯ್ತು ನನ್ನ ಕಥೆ ಅಂದ್ಕೊಂಡೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ನಮ್ಮಲ್ಲಿ ಎತ್ತೂ ಕೋಣವೂ ಒಂದೇ ಕಡೆಗೆ ಹೋಗಬೇಕೆಂದಿದ್ದವು, ಎಳೆದಾಡಿದ್ದು ಮಾತ್ರ ಬಿಡಲಿಲ್ಲ.

"ಎಡಗೈ ಶೋಕಿ ಅಂದ್ಕೊಂಡಿದ್ದೆನಲ್ಲ ನಾನು" ಎಂದೆ. ಅಳು ಬಂದುಬಿಟ್ಟಿತು. "ಒಂದು ಮಾತು ಹೇಳೋಕೆ ಏನಾಗಿತ್ತು?"

"ಊಟದ ಮೇಜಿನಲ್ಲಿ ಕಸುಬಿನ ಮಾತು ಬೇಡ ಅಂತ ನೀನೇ ಅಂದಿದ್ದು."

"ಮೆಷಿನ್ ಕೊಟ್ಟು ಸುಮ್ನೆ ಕೂತ್ರೆ... ಗಡಿಯಾರದವನು ಹಾಗೇ ಕೂತಲ್ವಾ ಹೋಗಿದ್ದು..."

ಇವರು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು, ಭುಜ ನೋಯುತ್ತದೆಂದು ಹಿಡಿದುಕೊಂಡು ನಕ್ಕರು. "ಅವನಿಗೆ ತೊಂಬತ್ತಾಗಿತ್ತು ಕಣೇ! ಅದಕ್ಕೂ ಅಂಗಡಿಗೂ ಏನು ಸಂಬಂಧ?"

ನಕ್ಕದ್ದಕ್ಕೆ ಇನ್ನೂ ಸಿಟ್ಟು ಬಂತು. ಎರಡು ದಿನ ಮಾತಾಡಿಸುವುದಿಲ್ಲ. ಭುಜಕ್ಕೆ ಎಣ್ಣೆ ಹಚ್ಚಿದೆ, ಮಾತಾಡದೆ.

ಏಪ್ರಿಲ್ 4, ಶುಕ್ರವಾರ

ಮೆಷಿನ್ ಹೋಯಿತು. ಡಬ್ಬಿಯವನ ಜೊತೆ ವ್ಯವಹಾರ ಕುದುರಿಸಿದ್ದು ನಾನೇ, ಇವರ ಕೈಯಲ್ಲಿ ಬಿಟ್ಟಿದ್ದರೆ ಟೇಪಿನ ಬೆಲೆಗೆ ಕೊಟ್ಟಿರುತ್ತಿದ್ದರು. ನಮ್ಮ ಪುಸ್ತಕಗಳನ್ನು ಅವನೇ ಅದೇ ಮೆಷಿನ್ನಿನಲ್ಲಿ ಮುದ್ರಿಸಿಕೊಡಬೇಕು, ಚಪ್ಪಲಿ ಡಬ್ಬಿಗಿಂತ ಮೊದಲು ನಮ್ಮ ಸರದಿ ಎಂದು ಬರೆಸಿಕೊಂಡೆ. ಎರಡನೇ ಮುದ್ರಣದಿಂದಲೇ ಶುರು.

ಇಷ್ಟೆಲ್ಲ ಅಳೆದರೂ ಬಾಗಿಲು ಸಾಲದೆ ಚೌಕಟ್ಟು ಕಿತ್ತರು. ಮೆಷಿನ್ ಗಾಡಿ ಹತ್ತುವಾಗ ನಾನು ಬೀದಿಯಲ್ಲೇ ಗೊಳೋ ಎಂದು ಅತ್ತೆ. ಇವರು ಕೂಲಿಯವರ ಜೊತೆ ಕಟ್ಟೆಯ ಮೇಲೆ ಕೂತು ಉಪ್ಪು ಬಿಸ್ಕತ್ತು ತಿನ್ನುತ್ತಿದ್ದರು.

"ದಿನಾ ಬೈತಿದ್ದೆ ಅದನ್ನ, ಈಗ್ಯಾಕೆ ಅಳ್ತೀಯ?"

"ಬೈಯೋಕೆ ಇನ್ಯಾರಿದಾರೆ?"

"ನಾನಿದೀನಲ್ಲ" ಎಂದರು.

ಏಪ್ರಿಲ್ 5, ಶನಿವಾರ

ಕೆಲಸವಿಲ್ಲದ ಗಂಡಸು ಮೇಲಿನ ಮನೆಗೆ ಬಂದು ನನ್ನ ಎದುರು ಕುರ್ಚಿ ಎಳೆದುಕೊಂಡಿದ್ದಾರೆ. ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. ಅರಳು ಬಂದು ನಿಂತಳು.

"ದೊಡ್ಡಮ್ಮಾ, ಡಿಜಿಟಲ್ ಮತ್ತೆ ತೆರೀಬೇಕು, ಜನ ಕೇಳ್ತಿದಾರೆ. ಈಗಲಾದ್ರೂ ಸರಿಯಾದ ಬೆಲೆ ಹೇಳಿ."

ಅಂಗೈ ಚಾಚಿದೆ. ಮೇಲೆ ಇಡಲು ಏನೂ ಇರಲಿಲ್ಲ.

"ಈಗ ನನಗೋಸ್ಕರಾನೂ ಅಲ್ಲ, ಮೆಷಿನ್‌ಗೋಸ್ಕರಾನೂ ಅಲ್ಲ. ಪುಸ್ತಕ ಹೇಗಿದೆ ಹೇಳು, ಅದರ ಮೇಲೆ ಬೆಲೆ ಹಾಕೋಣ" ಎಂದರು ಇವರು.

ಪ್ರೂಫ್ ನೋಡಿದ್ದು ಅರಳು. ನಾನು ಈ ಸಲ ಮೆಷಿನ್ನು, ಬಾಗಿಲು, ಡಬ್ಬಿ ಎಂದು ಅಲೆಯುವುದರಲ್ಲೇ ಕಳೆದೆ.

"ಓದಿಲ್ಲ" ಎಂದೆ. "ನೀವು?"

"ನಾನು ಮುದ್ರಿಸಿದೆ."

"ಓದಿಲ್ವಾ?"

"ಮುದ್ರಿಸ್ತಾ ಓದೋಕಾಗುತ್ತಾ?"

ಕಚೇರಿಯಲ್ಲಿ ಒಂದು ಪ್ರತಿಯೂ ಉಳಿದಿರಲಿಲ್ಲ. ಅರಳು ಒಂದು ಮಾತೂ ಆಡದೆ ತನ್ನ ಟ್ಯಾಬ್ ತಂದು ಇಬ್ಬರ ನಡುವೆ ನಿಲ್ಲಿಸಿ, ಅಕ್ಷರ ದೊಡ್ಡದು ಮಾಡಿ, ಬಾಗಿಲೆಳೆದುಕೊಂಡು ಹೋದಳು. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಕೂತೆವು. ಇವರು ಓದುವುದು ಆಮೆಯ ಹಾಗೆ, ಒಂದೊಂದು ಅಕ್ಷರವನ್ನೂ ತಡವಿ ನೋಡುತ್ತಾರೆ. ನಾನು ಪುಟ ಮುಗಿಸಿ ಬೆರಳಿಟ್ಟರೆ "ತಡಿಯೇ, ಇನ್ನೂ ಅವಳು ಬಾಗಿಲು ತೆಗೆದಿಲ್ಲ" ಎನ್ನುತ್ತಾರೆ. ಎರಡು ಸಲ ಜಗಳವಾಯಿತು. ಸಂಜೆಯವರೆಗೂ ಒಬ್ಬರೂ ಏಳಲಿಲ್ಲ.

ಏಪ್ರಿಲ್ 7, ಸೋಮವಾರ

ಬೆಲೆ ನೂರೈವತ್ತು. ಕಾಗದದ ಪುಸ್ತಕ ಮುನ್ನೂರೈವತ್ತು, ಡಬ್ಬಿಯವನ ರೇಟು ಸೇರಿ. ಇಬ್ಬರೂ ಒಟ್ಟಿಗೆ ಹೇಳಿದೆವು, ಅರಳು ಬರೆದುಕೊಂಡಳು. ಪುಸ್ತಕ ಪೂರ್ತಿ ಓದಿ ಆಗದಿದ್ದರೂ ಅಷ್ಟು ಬಾಳುತ್ತದೆ ಎಂದು ಇಬ್ಬರಿಗೂ ಗೊತ್ತಾಗಿದೆ. ಇಷ್ಟು ವರ್ಷ ಎಷ್ಟೋ ಪುಸ್ತಕ ಮಾಡಿದೆವು, ಜೊತೆಯಲ್ಲಿ ಕೂತು ಒಂದನ್ನೂ ಓದಿರಲಿಲ್ಲ. ಹೇಳಿಕೊಂಡರೆ ನಾಚಿಕೆಗೇಡು.

ಇವತ್ತಿಗೂ ಅರ್ಧದಲ್ಲೇ ಇದ್ದೇವೆ. ಇವರಿಗೆ ಅಡುಗೆಯವನ ಮೇಲೆ ಅನುಮಾನ. "ಅವನೇ ಕಣೇ, ಬರೆದಿಟ್ಕೋ" ಎಂದು ಮೇಜು ಕುಟ್ಟಿ ಹೇಳುತ್ತಾರೆ. ಅಡುಗೆಯವನಲ್ಲ. ಯಾರು ಎಂದು ನನಗೆ ಮೂರನೆಯ ಅಧ್ಯಾಯದಲ್ಲೇ ಗೊತ್ತಾಯಿತು. ನಾಲಿಗೆಯ ತುದಿಗೆ ಬಂದಿದೆ, ಹೇಳಿಲ್ಲ. ಓದಲಿ ಪಾಪ, ನಿಧಾನವಾಗಿ ಓದಲಿ. ಅವಸರ ಏನಿದೆ?